ರಷ್ಯಾ ದೇಶದ ಬೀದಿಮಕ್ಕಳು (೧೯೧೮–೧೯೩೫)

ತಾಯಿತಂದೆಗಳನ್ನು ಕಳೆದುಕೊಂಡ ಮಗುವಿಗೆ ರಷ್ಯನ್ ಭಾಷೆಯಲ್ಲಿ 'ಸಿರೊತಾ' ಎಂಬ ಹಳೆಯ ಹೆಸರುಂಟು. ಪುಣ್ಯಕೋಟಿಯ ಕಥೆಯಿಂದ ಕನ್ನಡಿಗರಿಗೆ ಬಾಲ್ಯದಲ್ಲಿಯೇ ಪರಿಚಿತವಾಗುವ 'ತಬ್ಬಲಿ' ಎಂಬ ಮಾತಿಗೆ ಅದು ಸಮಾನವಾದುದು. ಆದರೆ ೧೯೧೪ರಲ್ಲಿ ಮೊದಲಾದ ಮಹಾಯುದ್ಧ, ೧೯೧೭ರ ರಾಜ್ಯಕ್ರಾಂತಿ, ಅದರ ಬೆನ್ನಿಗೆ ಬಂದ ಅಂತರ್ಯುದ್ಧ, ೧೯೨೧-೨೨ರ ಘೋರ ಕ್ಷಾಮ, ಇವುಗಳ ಫಲವಾಗಿ ಆ ದೇಶದ ರೈಲು ನಿಲ್ದಾಣಗಳಲ್ಲಿಯೂ ಪೇಟೆಗಳಲ್ಲಿಯೂ ಗುಂಪುಗುಂಪಾಗಿ ಕಾಣಿಸಿಕೊಂಡ ಮಕ್ಕಳನ್ನು ಹೆಸರಿಸುವುದಕ್ಕೆ ಆ ಹಳೆಯ ಮಾತು ಸಾಲದೆ ಹೋಯಿತು. ಏಕೆಂದರೆ ಅವರಲ್ಲಿ ಎಷ್ಟೋ ಮಂದಿಗೆ ಎಲ್ಲಿಯೋ ಒಂದೆಡೆಯಲ್ಲಿ ತಾಯಿ ಇದ್ದಳು, ತಂದೆ ಸೈನ್ಯದಲ್ಲಿದ್ದನು, ಅಥವಾ ಕ್ಷಾಮಪೀಡಿತವಾದ ಹಳ್ಳಿಯಿಂದ ಹೊರಟ ಕುಟುಂಬವು ರೈಲಿನ ನೂಕುನುಗ್ಗಲಿನಲ್ಲಿ ಚದುರಿ ಮಗುವೊಂದೇ ಉಳಿದಿದ್ದಿತು. ಇಂತಹವರಿಗೆಲ್ಲ 'ಬೆಸ್ಪ್ರಿಜೋರ್ನಿ' ಎಂಬ ಹೆಸರು ರೂಢಿಗೆ ಬಂದಿತು. ಈ ಪದದ ಘಟನೆ ಗಮನಾರ್ಹವಾದುದು. ಇದರ ಪೂರ್ವಪದಕ್ಕೆ 'ಇಲ್ಲದ' ಎಂದೂ, 'ಪ್ರಿಜೋರ್' ಎಂಬ ಉತ್ತರಪದಕ್ಕೆ 'ಆರೈಕೆ' ಎಂದೂ ಅರ್ಥ. ಆ ಉತ್ತರಪದದ ಧಾತುವಿಗಾದರೋ 'ನೋಡು' ಎಂದೇ ಅರ್ಥ. ಕನ್ನಡದಲ್ಲಿಯೂ 'ನೋಡಿಕೊಳ್ಳುವುದು' ಎಂದರೆ ಪೋಷಿಸುವುದು ಎಂದಾಗುವುದರಿಂದ, 'ನೋಡಿಕೊಳ್ಳುವವರಿಲ್ಲದವನು' ಎಂಬ ಮಾತು ಇದಕ್ಕೆ ಅಕ್ಷರಶಃ ಸರಿಹೊಂದುತ್ತದೆ. ಸಂಸ್ಕೃತದ 'ಅನಾಥ' ಶಬ್ದಕ್ಕೂ ಮೂಲಾರ್ಥವು ಇದೇ; ನಾಥನಿಲ್ಲದವನು ಎಂದೇ ಹೊರತು, ತಾಯಿತಂದೆ ಸತ್ತವನು ಎಂದಲ್ಲ.

ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು? ಈ ಪ್ರಶ್ನೆಗೆ ರಷ್ಯಾದ ಹೊಸ ಸರ್ಕಾರವು ೧೯೧೮ರಲ್ಲಿ ಕೊಟ್ಟ ಉತ್ತರವು ಅಂದಿನ ಪ್ರಪಂಚದಲ್ಲಿ ಅತ್ಯಂತ ಉದಾರವಾದುದು. ಅದೇ ಸರ್ಕಾರವು ೧೯೩೫ರಲ್ಲಿ ಕೊಟ್ಟ ಉತ್ತರವು ಅತ್ಯಂತ ಕಠಿಣವಾದವುಗಳಲ್ಲಿ ಒಂದು. ಹದಿನೇಳು ವರ್ಷಗಳ ಅಂತರದಲ್ಲಿ ಹೀಗಾದುದಕ್ಕೆ ಆಳುವವರ ಕ್ರೌರ್ಯವೊಂದೇ ಕಾರಣವೆಂದರೆ ವಿಷಯವು ಸುಲಭವಾಗಿ ಮುಗಿದುಹೋಗುತ್ತದೆ. ಆದರೆ ಕಾರಣಗಳ ಬೀಜವು ಮೊದಲಿನ ಔದಾರ್ಯದಲ್ಲಿಯೇ ಇದ್ದಿತೆಂಬುದು ದಾಖಲೆಗಳನ್ನು ಕ್ರಮವಾಗಿ ನೋಡಿದರೆ ವಿದಿತವಾಗುವುದು.

ಚಕ್ರವರ್ತಿಗಳ ಕಾಲದಲ್ಲಿ ಅನಾಥಶಿಶುಗಳಿಗೆ ಆಶ್ರಯವೇ ಇರಲಿಲ್ಲವೆಂದಲ್ಲ. ಎರಡನೆಯ ಕ್ಯಾಥರೀನ್ ರಾಣಿಯ ಆಳಿಕೆಯಲ್ಲಿ ಇವಾನ್ ಬೆಟ್ಸ್ಕೊಯ್ ಎಂಬ ಪ್ರಮುಖನ ಪ್ರೇರಣೆಯಿಂದ ೧೭೬೪ರಲ್ಲಿ ಮಾಸ್ಕೋ ಪಟ್ಟಣದಲ್ಲಿಯೂ, ೧೭೭೦ರಲ್ಲಿ ಪೀಟರ್ಸ್‌ಬರ್ಗಿನಲ್ಲಿಯೂ ದೊಡ್ಡ ಶಿಶುಗೃಹಗಳು ಏರ್ಪಟ್ಟಿದ್ದುವು. ಅಲ್ಲಿ ಸೇರಿಸಿಕೊಂಡ ಕೂಸುಗಳನ್ನು ಯೂರೋಪಿನ ಜ್ಞಾನೋದಯದ ತತ್ತ್ವಗಳಿಗನುಸಾರವಾಗಿ ಬೆಳೆಸಿ, ಜಮೀನ್ದಾರರೂ ಜೀತದಾಳುಗಳೂ ಅಲ್ಲದ ಒಂದು ಹೊಸ ವರ್ಗವನ್ನೇ ಸೃಷ್ಟಿಸಬೇಕೆಂಬುದು ಬೆಟ್ಸ್ಕೊಯ್‌ನ ಸಂಕಲ್ಪ. ಆದರೆ ಸೇರಿದ ಶಿಶುಗಳಲ್ಲಿ ಬಹುಪಾಲು ಬದುಕಲಿಲ್ಲ. ಮಹತ್ತಾದ ಸಂಕಲ್ಪವೂ ಅತ್ಯಲ್ಪವಾದ ಸಾಧನವೂ ಜೊತೆಗೂಡುವುದು ಆ ದೇಶದ ಚರಿತ್ರೆಯಲ್ಲಿ ಅದೇ ಕೊನೆಯ ಸಲವಾಗಲಿಲ್ಲ.

೧೯೧೮ರ ಜನವರಿಯಲ್ಲಿ, ಅಧಿಕಾರಕ್ಕೆ ಬಂದು ಮೂರು ತಿಂಗಳು ತುಂಬುವುದರೊಳಗಾಗಿ, ಸೋವಿಯತ್ ಸರ್ಕಾರದವರು ಒಂದು ಶಾಸನವನ್ನು ಹೊರಡಿಸಿದರು. ಹದಿನೇಳು ವರ್ಷ ತುಂಬದವರಿಗೆ ನ್ಯಾಯಾಲಯದ ವಿಚಾರಣೆಯೂ ಕಾರಾಗೃಹವಾಸವೂ ಇನ್ನು ಮುಂದೆ ಇಲ್ಲವೆಂದು ಅದು ಸಾರಿತು. ತಪ್ಪು ಮಾಡಿದ ಬಾಲಕನನ್ನು ನ್ಯಾಯಾಧಿಪತಿಯ ಮುಂದಲ್ಲ, ಒಂದು ಸಮಿತಿಯ ಮುಂದೆ ಕರೆತರಬೇಕು. ಆ ಸಮಿತಿಯಲ್ಲಿ ವಿದ್ಯಾ ಇಲಾಖೆ, ಸಹಾಯ ಇಲಾಖೆ, ನ್ಯಾಯ ಇಲಾಖೆಗಳ ಪ್ರತಿನಿಧಿಗಳಿರಬೇಕು. ಅವರಲ್ಲಿ ಒಬ್ಬನಾದರೂ ವೈದ್ಯನಾಗಿರಬೇಕು. ಕಳ್ಳತನ ಮಾಡಿದ ಹುಡುಗನು ಅಪರಾಧಿಯಲ್ಲ, ರೋಗಿಯ ಹಾಗೆ ಚಿಕಿತ್ಸೆಗೆ ಅರ್ಹನಾದವನು ಎಂಬುದೇ ಇದರ ತಾತ್ಪರ್ಯ. ಭರತಖಂಡದಲ್ಲಿ ಆ ಕಾಲದಲ್ಲಿ ಜಾರಿಯಲ್ಲಿದ್ದ ೧೮೬೦ರ ದಂಡಸಂಹಿತೆಯ ಪ್ರಕಾರ ಏಳು ವರ್ಷದ ಕೆಳಗಿನ ಮಗುವಿಗೆ ಮಾತ್ರ ಪೂರ್ಣವಾದ ವಿನಾಯಿತಿ ಇದ್ದಿತು. ಏಳರಿಂದ ಹನ್ನೆರಡರವರೆಗೆ ಬಾಲಕನ ತಿಳಿವಳಿಕೆಯನ್ನು ನೋಡಿ ನಿರ್ಧರಿಸಬೇಕಾಗಿದ್ದಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಸೇರಿದ್ದ ಮದರಾಸು ಆಧಿಪತ್ಯದಲ್ಲಿ ಮಕ್ಕಳ ಶಾಸನವು ಬಂದುದು ೧೯೨೦ರಲ್ಲಿ. ಧಾರವಾಡ, ಬೆಳಗಾವಿಗಳನ್ನೊಳಗೊಂಡ ಮುಂಬಯಿ ಆಧಿಪತ್ಯದಲ್ಲಿ ೧೯೨೪ರಲ್ಲಿ. ಇವುಗಳೊಡನೆ ಹೋಲಿಸಿದರೆ ೧೯೧೮ರ ರಷ್ಯನ್ ಶಾಸನದ ಧೈರ್ಯವು ಎಷ್ಟೆಂಬುದು ತಿಳಿಯುತ್ತದೆ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಂಗೀಕೃತವಾದ ಕುಟುಂಬಸಂಹಿತೆಯಲ್ಲಿ ಇನ್ನೊಂದು ವಿಧಿಯಿದ್ದಿತು. ಶಾಸನಜ್ಞರನ್ನು ಬಿಟ್ಟರೆ ಅದನ್ನು ಗಮನಿಸಿದವರು ಕಡಿಮೆ. ಆದರೆ ಬೀದಿಮಕ್ಕಳ ಮಟ್ಟಿಗೆ ಅದರ ಪರಿಣಾಮವು ಸಾಮಾನ್ಯವಾದುದಲ್ಲ. ಆ ವಿಧಿಯು ದತ್ತುಸ್ವೀಕಾರವನ್ನು ನಿಷೇಧಿಸಿತು. ಅದಕ್ಕೆ ಎರಡು ಕಾರಣಗಳನ್ನು ಹೇಳುತ್ತಿದ್ದರು. ರೈತರು ದತ್ತು ಎಂಬ ನೆಪದಿಂದ ಅನಾಥರನ್ನು ಮನೆಗೆ ತಂದು ಕೂಲಿಯಿಲ್ಲದೆ ದುಡಿಸಿಕೊಳ್ಳುತ್ತಾರೆಂಬುದು ಒಂದು; ಇದು ನಿರಾಧಾರವಾದ ಭಯವೇನೂ ಆಗಿರಲಿಲ್ಲ. ಎರಡನೆಯದು ತತ್ತ್ವಕ್ಕೆ ಸಂಬಂಧಪಟ್ಟುದು. ಸಂಹಿತೆಯನ್ನು ರಚಿಸಿದವರಲ್ಲಿ ಮುಖ್ಯನಾದ ಗೊಯ್ಖ್‌ಬಾರ್ಗನೂ ಅವನ ಸಹೋದ್ಯೋಗಿಗಳೂ, ಅಜ್ಞರಾದ ತಾಯಿತಂದೆಗಳ ಮಮತೆಗಿಂತ ಶಾಸ್ತ್ರೀಯವಾದ ಸಾಮುದಾಯಿಕ ಪೋಷಣೆಯೇ ಮಕ್ಕಳಿಗೆ ಹಿತವೆಂದು ನಂಬಿದ್ದರು. ಕಾಲಕ್ರಮದಲ್ಲಿ ಮನೆಯಲ್ಲಿ ಹುಟ್ಟಿದ ಮಕ್ಕಳೂ ಸರ್ಕಾರದ ಶಿಶುಗೃಹಗಳಲ್ಲಿಯೇ ಬೆಳೆಯುವರೆಂಬುದು ಅವರ ನಿರೀಕ್ಷೆ. ಹೀಗೆ ಪ್ರಭುತ್ವವು ಅನಾಥರಿಗೆಲ್ಲ ತಾನೇ ತಂದೆಯಾಗಿ ನಿಂತಿತು; ಬೇರೆ ಯಾರೂ ತಂದೆಯಾಗಕೂಡದೆಂದೂ ವಿಧಿಸಿತು. ತಂದೆಯ ಕೈಯಲ್ಲಿ ಕಾಸಿಲ್ಲದಿದ್ದ ಸಮಯದಲ್ಲಿ ಈ ಎರಡನೆಯ ಮಾತೇ ಮಕ್ಕಳ ಪಾಲಿಗೆ ಮುಳುವಾಯಿತು.

೧೯೨೧ರ ಬೇಸಗೆಯಲ್ಲಿ ವೋಲ್ಗಾ ನದಿಯ ಬಯಲಿನಲ್ಲಿ ಮಳೆ ಬೀಳಲಿಲ್ಲ. ಸೈನ್ಯಗಳ ಓಡಾಟದಿಂದಲೂ ಬಲಾತ್ಕಾರವಾದ ಧಾನ್ಯಸಂಗ್ರಹದಿಂದಲೂ ರೈತರ ಕಣಜಗಳು ಮೊದಲೇ ಬರಿದಾಗಿದ್ದುವು. ಆ ಕ್ಷಾಮದಲ್ಲಿ ಸುಮಾರು ಐವತ್ತು ಲಕ್ಷ ಜನರು ಸತ್ತರೆಂದು ಚರಿತ್ರಕಾರರು ಎಣಿಸುತ್ತಾರೆ. ಹರ್ಬರ್ಟ್ ಹೂವರನ ನೇತೃತ್ವದಲ್ಲಿದ್ದ ಅಮೆರಿಕದ ಪರಿಹಾರ ಸಂಸ್ಥೆಯವರು ೧೯೨೧ರ ಆಗಸ್ಟ್ ತಿಂಗಳಲ್ಲಿ ರೀಗಾ ನಗರದಲ್ಲಿ ಒಪ್ಪಂದ ಮಾಡಿಕೊಂಡು, ಮೊದಲು ಮಕ್ಕಳಿಗೂ ಆಮೇಲೆ ದೊಡ್ಡವರಿಗೂ ಗಂಜಿಕೇಂದ್ರಗಳನ್ನು ತೆರೆದರು. ೧೯೨೨ರ ಬೇಸಗೆಯಲ್ಲಿ ದಿನವೊಂದಕ್ಕೆ ಒಂದು ಕೋಟಿಗೂ ಮೀರಿದ ಜನರಿಗೆ ಅವರ ಅನ್ನ ದೊರೆಯುತ್ತಿದ್ದಿತು. ಸರ್ಕಾರದವರು ಮಕ್ಕಳನ್ನು ರೈಲುಗಳಲ್ಲಿ ತುಂಬಿ ಕ್ಷಾಮವಿಲ್ಲದ ಪ್ರಾಂತಗಳಿಗೆ ಸಾಗಿಸಿದರು. ಆದರೆ ಸರ್ಕಾರದ ರೈಲು ಬರುವವರೆಗೆ ಕಾಯದೆ ತಾವಾಗಿಯೇ ಹೊರಟ ಮಕ್ಕಳ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಬಹುಮಂದಿಯ ಗುರಿ ತಾಷ್ಕೆಂಟ್. ಮಧ್ಯ ಏಷ್ಯದ ಆ ನಗರದಲ್ಲಿ ರೊಟ್ಟಿಗೆ ಬರವಿಲ್ಲವೆಂಬ ವದಂತಿ ಹಳ್ಳಿಹಳ್ಳಿಗೂ ಹರಡಿದ್ದಿತು. ಸಮಾರಾ ಪ್ರಾಂತದವನೇ ಆದ ನೆವೇರೊವ್ ಎಂಬ ಲೇಖಕನು ೧೯೨೩ರಲ್ಲಿ ಪ್ರಕಟಿಸಿದ 'ತಾಷ್ಕೆಂಟ್, ರೊಟ್ಟಿಯ ನಗರ' ಎಂಬ ಕಾದಂಬರಿಯಲ್ಲಿ ಇಂತಹ ಪ್ರಯಾಣದ ಚಿತ್ರವಿದೆ. ಮನೆಯವರಿಗೆ ಧಾನ್ಯ ತರಲೆಂದು ಹೊರಟ ಹಳ್ಳಿಯ ಹುಡುಗನೊಬ್ಬನ ಕಣ್ಣಿನಿಂದ ಕ್ಷಾಮವನ್ನು ತೋರಿಸಿರುವ ಆ ಗ್ರಂಥವನ್ನು ಚರಿತ್ರೆಯ ಸಾಧನವೆಂದೂ ಓದಬಹುದು.

ಬೀದಿಗೆ ಬಿದ್ದ ಮಕ್ಕಳ ಒಟ್ಟು ಸಂಖ್ಯೆಯನ್ನು ೧೯೨೨ರ ಸುಮಾರಿಗೆ ಎಪ್ಪತ್ತು ಲಕ್ಷದವರೆಗೂ ಅಂದಾಜು ಮಾಡಿದವರುಂಟು. ಈ ಅಂಕಿಯನ್ನು ಅನೇಕ ಗ್ರಂಥಗಳು ಸಂಶಯವಿಲ್ಲದೆ ಉದ್ಧರಿಸುತ್ತವೆ. ಆದರೆ ಎಚ್ಚರಿಕೆ ಅವಶ್ಯಕ. ಈ ತಿಂಗಳು ಮಾಸ್ಕೋದಲ್ಲಿದ್ದ ಹುಡುಗನು ಮುಂದಿನ ತಿಂಗಳು ರಾಸ್ತೊವ್‌ನಲ್ಲಿರುತ್ತಿದ್ದನು. ಒಬ್ಬನನ್ನೇ ಮೂರು ಊರುಗಳಲ್ಲಿ ಎಣಿಸುವುದೂ, ಎಲ್ಲಿಯೂ ಎಣಿಸದಿರುವುದೂ ಸಮಾನವಾಗಿ ಸಂಭವಿಸುವಂತಹುದು. ಲೆಕ್ಕ ಬರೆಯುವವನನ್ನು ಕಂಡರೆ ಓಡಿಹೋಗುವ ಜನಾಂಗದ ಗಣತಿಯು ಅಂದಾಜಿಗಿಂತ ಹೆಚ್ಚಿನದಾಗಲಾರದು. ಹಲವು ದಶಲಕ್ಷಗಳು ಎಂಬಷ್ಟನ್ನು ನಿಶ್ಚಯವಾಗಿ ಹೇಳಬಹುದು.

ಈ ಮಕ್ಕಳ ಜೀವನಕ್ರಮವನ್ನು ಕುರಿತು ಅಂದಿನ ಶಿಕ್ಷಕರೂ ಪತ್ರಿಕಾಕರ್ತರೂ ವಿಪುಲವಾಗಿ ಬರೆದಿಟ್ಟಿದ್ದಾರೆ. ಮಾಸ್ಕೋದ ಬೀದಿಗಳಿಗೆ ಡಾಮರು ಹಾಕಲು ಅದನ್ನು ಕುದಿಸುತ್ತಿದ್ದ ದೊಡ್ಡ ಕೊಪ್ಪರಿಗೆಗಳು ಕೆಲಸ ಮುಗಿದ ಮೇಲೂ ರಾತ್ರಿ ಬಹಳ ಹೊತ್ತು ಬೆಚ್ಚಗಿರುತ್ತಿದ್ದುವು. ಹುಡುಗರು ಅವುಗಳೊಳಗೆ ಇಳಿದು ಒಬ್ಬರ ಮೇಲೊಬ್ಬರು ಒತ್ತಿಕೊಂಡು ಮಲಗುತ್ತಿದ್ದರು. ಬೆಳಗ್ಗೆ ಮೈಯೆಲ್ಲ ಕಪ್ಪಾಗಿ ಹೊರಗೆ ಬರುವ ಅವರ ಛಾಯಾಚಿತ್ರಗಳು ಆ ಕಾಲದ ಕುರುಹಾಗಿ ಉಳಿದಿವೆ. ನಗರದ ಹಳೆಯ ಕೋಟೆಗೋಡೆಯ ಗೂಡುಗಳು, ನಿಲ್ದಾಣಗಳ ನೆಲಮಾಳಿಗೆಗಳು, ಕಸದ ತೊಟ್ಟಿಗಳು, ಇವು ಇತರ ಶಯನಗೃಹಗಳು. ರೈಲು ಗಾಡಿಗಳ ತಳದಲ್ಲಿ ಸಾಮಾನು ಇಡುವುದಕ್ಕಾಗಿ ಕಟ್ಟಿದ ಪೆಟ್ಟಿಗೆಗಳಿರುತ್ತಿದ್ದುವು. ಮಕ್ಕಳ ಮಾತಿನಲ್ಲಿ ಅವು 'ನಾಯಿಪೆಟ್ಟಿಗೆ'ಗಳು. ಅವುಗಳಲ್ಲಿ ಮುದುಡಿಕೊಂಡು ನೂರಾರು ಹರದಾರಿ ಪ್ರಯಾಣ ಮಾಡುತ್ತಿದ್ದರು. ಚಳಿಗಾಲ ಸಮೀಪಿಸಿದೊಡನೆ ಕ್ರಿಮಿಯಾ, ಕಾಕಸಸ್, ಒಡೆಸ್ಸಾಗಳ ಕಡೆಗೂ, ವಸಂತದಲ್ಲಿ ಮತ್ತೆ ಉತ್ತರಕ್ಕೂ ಹೋಗುವ ಇವರ ಸಂಚಾರವು ಪಕ್ಷಿಗಳ ವಲಸೆಯಂತೆ ಕ್ರಮಬದ್ಧವಾಗಿದ್ದಿತು.

ಹೊಟ್ಟೆಯ ಪಾಡಿಗೆ ಹಲವು ದಾರಿಗಳಿದ್ದುವು. ಹೊಸದಾಗಿ ಬಂದವನು ಬೇಡುತ್ತಿದ್ದನು. ಕಂಠವಿದ್ದವನು ರೈಲಿನಲ್ಲಿ ಹಾಡುತ್ತಿದ್ದನು. ಕೆಲವರು ಮೂಟೆ ಹೊರುವುದು, ಜೋಡಿಗೆ ಬಣ್ಣ ಹಾಕುವುದು, ಬಿಡಿ ಸಿಗರೇಟು ಮಾರುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದರು. ಮಿಕ್ಕವರು ಕಳ್ಳತನಕ್ಕೆ ಇಳಿಯುತ್ತಿದ್ದರು. ಒಂದೊಂದು ಗುಂಪಿಗೂ ಒಬ್ಬ ನಾಯಕನು, ತನ್ನದೇ ಆದ ಗಡಿ, ತನ್ನದೇ ಆದ ಗೂಢಭಾಷೆ. ಜೊತೆಗಾರನ ಗುಟ್ಟನ್ನು ಹೊರಗೆಡಹಿದವನಿಗೆ ಶಿಕ್ಷೆ ತಪ್ಪುತ್ತಿರಲಿಲ್ಲ. ನಿಜವಾದ ಹೆಸರು ಮರೆತುಹೋಗಿ ಅಡ್ಡಹೆಸರೇ ಉಳಿಯುತ್ತಿದ್ದಿತು. ಇಸ್ಪೀಟಿನ ಜೂಜು, ಹೊಗೆಸೊಪ್ಪು, ಹೆಂಡ, ಕೆಲವು ಪಟ್ಟಣಗಳಲ್ಲಿ ಕೊಕೇನ್ ಎಂಬ ವಿಷಪದಾರ್ಥ, ಇವೆಲ್ಲವೂ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಅಭ್ಯಾಸವಾಗಿದ್ದುವು. ಹೆಣ್ಣುಮಕ್ಕಳ ಸ್ಥಿತಿಯು ಇನ್ನೂ ಶೋಚನೀಯವಾದುದು; ಅವರಲ್ಲಿ ಅನೇಕರು ದೇಹವಿಕ್ರಯಕ್ಕೆ ಗುರಿಯಾದರು. ಸಮಕಾಲೀನ ಬರೆಹಗಳು ಬಾಲಕರ ಸಾಹಸಗಳನ್ನು ವಿವರಿಸುವಷ್ಟು ಉತ್ಸಾಹದಿಂದ ಈ ಬಾಲಿಕೆಯರ ಪಾಡನ್ನು ವಿವರಿಸುವುದಿಲ್ಲವೆಂಬುದು ಗಮನಿಸತಕ್ಕ ಕೊರತೆ.

ಈ ಮಕ್ಕಳಿಗಾಗಿ ತೆರೆದ ಸರ್ಕಾರದ 'ಮಕ್ಕಳ ಮನೆ'ಗಳಲ್ಲಿ ೧೯೨೨ರ ವೇಳೆಗೆ ಸುಮಾರು ಐದು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದರು. ಇದು ಸಣ್ಣ ಸಾಧನೆಯಲ್ಲ. ಆದರೆ ಕ್ಷಾಮಪ್ರದೇಶದ ಮನೆಗಳಲ್ಲಿ ಒಂದೊಂದು ಮಂಚದಲ್ಲಿ ಇಬ್ಬರು ಮೂವರು, ಬಟ್ಟೆಯಿಲ್ಲದೆ, ಜೋಡಿಲ್ಲದೆ ಚಳಿಗಾಲವೆಲ್ಲ ಹೊರಗೆ ಕಾಲಿಡಲಾಗದ ಸ್ಥಿತಿ, ವಿಷಮಜ್ವರದ ಹಾವಳಿ. ಅದೇ ಸಮಯದಲ್ಲಿ ಸರ್ಕಾರವು ಹೊಸ ಆರ್ಥಿಕ ನೀತಿಯನ್ನು ಅನುಸರಿಸಿ, ಈ ಮನೆಗಳ ವೆಚ್ಚವನ್ನು ಕೇಂದ್ರದ ಬೊಕ್ಕಸದಿಂದ ಸ್ಥಳೀಯ ಸಂಸ್ಥೆಗಳಿಗೆ ವರ್ಗಾಯಿಸಿತು. ಸ್ಥಳೀಯ ಸಂಸ್ಥೆಗಳವರು ಒಂದಾದ ಮೇಲೊಂದು ಮನೆಯನ್ನು ಮುಚ್ಚಿದರು. ಹುಡುಗರಾದರೋ ಸೇರಿದ ವಾರದಲ್ಲಿಯೇ, ಕೊಟ್ಟ ಹೊದಿಕೆಯನ್ನು ಮಾರಿಕೊಂಡು, ಓಡಿಹೋಗುತ್ತಿದ್ದರು. ಬೀದಿಯಲ್ಲಿ ಹಸಿವಿದ್ದಿತು, ಆದರೆ ಅಲ್ಲಿ ಅವರು ಯಾರೋ ಆಗಿದ್ದರು. ಮಕ್ಕಳ ಮನೆಯಲ್ಲಿಯೂ ಹಸಿವಿದ್ದು, ಅದರ ಮೇಲೆ ಕಾವಲೂ ಇದ್ದಿತು. ಅವರ ಓಟವನ್ನು ಕೃತಘ್ನತೆಯೆಂದು ಕರೆದ ಅಧಿಕಾರಿಗಳು ಈ ಲೆಕ್ಕವನ್ನು ಮಾಡಿದಂತೆ ತೋರುವುದಿಲ್ಲ.

ಈ ಮಧ್ಯೆ, ೧೯೨೧ರ ಆರಂಭದಲ್ಲಿ, ಮಕ್ಕಳ ಜೀವನಸುಧಾರಣೆಯ ಆಯೋಗವೊಂದು ಸ್ಥಾಪಿತವಾಗಿ, ಚೆಕಾ ಎಂಬ ಗುಪ್ತ ಪೊಲೀಸ್ ದಳದ ಮುಖ್ಯಾಧಿಕಾರಿಯಾಗಿದ್ದ ಫೆಲಿಕ್ಸ್ ಜೆರ್ಜಿನ್‌ಸ್ಕಿಯು ಅದರ ಅಧ್ಯಕ್ಷನಾದನು. ೧೯೨೬ರಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿದ್ದನು. ಜನರು ಹೆಸರು ಕೇಳಿದರೇ ನಡುಗುತ್ತಿದ್ದ ದಳಕ್ಕೆ ಕೂಸುಗಳ ಪೋಷಣೆಯನ್ನು ಒಪ್ಪಿಸಿದುದು ವಿಚಿತ್ರವಾಗಿ ಕಾಣಬಹುದು. ಆದರೆ ರೈಲು, ಧಾನ್ಯ, ಕಟ್ಟಡ ಇವುಗಳನ್ನು ಕೇಳಿದೊಡನೆ ಪಡೆಯುವ ಶಕ್ತಿ ವಿದ್ಯಾ ಇಲಾಖೆಗೆ ಇರಲಿಲ್ಲ, ಆ ದಳಕ್ಕೆ ಇದ್ದಿತು. ಅಂದು ಸೌಕರ್ಯಕ್ಕಾಗಿ ಮಾಡಿದ ಏರ್ಪಾಡು ಮುಂದೆ ಅನ್ಯಪರಿಣಾಮಗಳಿಗೆ ದಾರಿಯಾಯಿತು.

೧೯೨೫ರ ಹೊತ್ತಿಗೆ ಕ್ಷಾಮವು ಮುಗಿದು ಮೂರು ವರ್ಷಗಳಾಗಿದ್ದರೂ ಬೀದಿಗಳು ಬರಿದಾಗಲಿಲ್ಲ. ಲೆನಿನ್ನನ ಪತ್ನಿಯೂ ವಿದ್ಯಾ ಇಲಾಖೆಯಲ್ಲಿ ಪ್ರಮುಖಳೂ ಆಗಿದ್ದ ಕ್ರುಪ್ಸ್‌ಕಾಯಾ, ಈ ಅನಿಷ್ಟವು ಬಹುಮಟ್ಟಿಗೆ ಹಿಂದಿನ ಕಾಲದ ಶೇಷವಲ್ಲ, ಇಂದಿನ ಪರಿಸ್ಥಿತಿಯ ಫಲವೆಂದು ಆ ವರ್ಷ ಬಹಿರಂಗವಾಗಿ ಒಪ್ಪಿಕೊಂಡಳು. ನಿರುದ್ಯೋಗ, ಗಂಡ ಬಿಟ್ಟ ತಾಯಂದಿರ ಬಡತನ, ಹಳ್ಳಿಯ ದಾರಿದ್ರ್ಯ, ಇವು ಹೊಸ ಮಕ್ಕಳನ್ನು ಬೀದಿಗೆ ತಳ್ಳುತ್ತಲೇ ಇದ್ದುವು. ಇಂತಹ ನೇರವಾದ ಮಾತು ಹತ್ತು ವರ್ಷಗಳ ಮೇಲೆ ಅಲ್ಲಿ ಸಾಧ್ಯವಾಗುತ್ತಿರಲಿಲ್ಲ. ೧೯೨೬ರಲ್ಲಿ ಸರ್ಕಾರವು ದತ್ತುಸ್ವೀಕಾರದ ನಿಷೇಧವನ್ನು ತೆಗೆದುಹಾಕಿತು. ಮಕ್ಕಳ ಮನೆಯ ಹುಡುಗನನ್ನು ಸಾಕಲು ಒಪ್ಪಿದ ರೈತನಿಗೆ ಜಮೀನಿನ ಪಾಲನ್ನೂ ತೆರಿಗೆಯ ರಿಯಾಯಿತಿಯನ್ನೂ ಕೊಡುವುದಾಗಿ ಅದೇ ವರ್ಷ ಪ್ರಕಟಿಸಿತು. ಎಂಟು ವರ್ಷಗಳ ಹಿಂದೆ ಯಾವ ರೈತನಿಂದ ಮಗುವನ್ನು ಕಾಪಾಡಬೇಕೆಂದು ಶಾಸನ ಮಾಡಿದ್ದರೋ ಅದೇ ರೈತನ ಬಾಗಿಲಿಗೆ ಮಗುವನ್ನು ಕರೆದೊಯ್ದಂತಾಯಿತು. ಪ್ರೀತಿಯಿಂದ ಸಾಕಿದವರು ಇಲ್ಲವೆಂದಲ್ಲ. ಜಮೀನಿಗಾಗಿ ಹುಡುಗನನ್ನು ಒಪ್ಪಿಕೊಂಡು ಎತ್ತಿನಂತೆ ದುಡಿಸಿದವರೂ ಇದ್ದರು. ಹಳೆಯ ಭಯವು ಸುಳ್ಳಾಗಿರಲಿಲ್ಲ. ನಿವಾರಣೋಪಾಯ ಮಾತ್ರ ತಪ್ಪಾಗಿದ್ದಿತು.

ಶಾಸನಗಳ ಹೊರಗೆ, ಒಂದೆರಡು ಶಾಲೆಗಳಲ್ಲಿ, ಬೇರೊಂದು ಬಗೆಯ ಪ್ರಯತ್ನ ನಡೆದಿದ್ದಿತು. ಉಕ್ರೇನಿನ ಪೊಲ್ತಾವಾ ಪಟ್ಟಣದ ಬಳಿ ೧೯೨೦ರಲ್ಲಿ ಅಂತೊನ್ ಮಕರೆಂಕೊ ಎಂಬ ಉಪಾಧ್ಯಾಯನು ಆರಂಭಿಸಿದ ವಸತಿಯು ಇವುಗಳಲ್ಲಿ ಪ್ರಸಿದ್ಧವಾದುದು. ಗೋರ್ಕಿಯ ಹೆಸರನ್ನು ಪಡೆದ ಆ ವಸತಿಯು ೧೯೨೬ರಲ್ಲಿ ಖಾರ್ಕೊವ್ ಸಮೀಪದ ಕುರ್ಯಾಜ್‌ಗೆ ಸ್ಥಳಾಂತರವಾಯಿತು. ತನ್ನಲ್ಲಿಗೆ ಬರುವ ಹುಡುಗರ ಪೂರ್ವಾಪರಾಧಗಳ ಕಡತವನ್ನು ಮಕರೆಂಕೊ ಓದುತ್ತಿರಲಿಲ್ಲ. ಬೀದಿಯಲ್ಲಿ ಗುಂಪಿಗೆ ಇದ್ದ ಬಲವನ್ನು ಒಡೆಯದೆ, ನಾಯಕ, ಪಂಗಡ, ಪ್ರತಿಷ್ಠೆ ಇವುಗಳನ್ನೇ ಉಳುಮೆಗೂ ಕಮ್ಮಟಕ್ಕೂ ತಿರುಗಿಸಿದುದು ಅವನ ವಿಶೇಷ. ಅವನ ಸೈನಿಕರೀತಿಯ ಶಿಸ್ತನ್ನು ಕ್ರುಪ್ಸ್‌ಕಾಯಾ ಮೊದಲಾದವರು ಖಂಡಿಸಿದರು. ೧೯೨೮ರಲ್ಲಿ ಅವನು ಆ ವಸತಿಯನ್ನು ಬಿಡಬೇಕಾಯಿತು. ಆಮೇಲೆ ಅವನು ಜೆರ್ಜಿನ್‌ಸ್ಕಿಯ ಹೆಸರಿನ ಸಂಘಗೃಹದಲ್ಲಿ ಕೆಲಸ ಮಾಡಿದನು. ಅಲ್ಲಿಯ ಹುಡುಗರು ವಿದ್ಯುತ್ ಬೈರಿಗೆಗಳನ್ನೂ, ೧೯೩೪ರಿಂದ 'ಫೆಡ್' ಎಂಬ ಛಾಯಾಚಿತ್ರಯಂತ್ರವನ್ನೂ ತಯಾರಿಸಿದರು. ೧೯೩೩ರಿಂದ ೧೯೩೫ರವರೆಗೆ ಪ್ರಕಟವಾದ ಅವನ 'ಶಿಕ್ಷಣಕಾವ್ಯ'ವು, ಹೆಸರು ಕಾವ್ಯವಾದರೂ, ಗದ್ಯಗ್ರಂಥ.

ಪೆಟ್ರೊಗ್ರಾಡಿನಲ್ಲಿ ಅದೇ ೧೯೨೦ರಲ್ಲಿ ವಿಕ್ತೋರ್ ಸೊರೊಕಾ-ರೊಸಿನ್‌ಸ್ಕಿ ಎಂಬುವನು ನಡೆಸಿದ ದಾಸ್ತಯೇವ್‌ಸ್ಕಿ ಶಾಲೆಯ ಮಾರ್ಗವು ಬೇರೆ. ಇಲ್ಲಿ ಕಮ್ಮಟವಲ್ಲ, ಸಾಹಿತ್ಯವೇ ಪ್ರಧಾನ. ಕಳ್ಳತನದಲ್ಲಿ ಪಳಗಿದ ಹುಡುಗರು ಕೈಬರೆಹದ ಪತ್ರಿಕೆಗಳನ್ನು ಒಂದರ ಮೇಲೊಂದು ಪೈಪೋಟಿಯಿಂದ ಹೊರಡಿಸಿದರು. ಶಾಲೆಯ ಹೆಸರನ್ನು ಮೊಟಕು ಮಾಡಿ 'ಷ್ಕಿಡ್' ಎಂದು ಕರೆದುಕೊಂಡು, ತಮ್ಮದೊಂದು ಗಣರಾಜ್ಯವೆಂದು ಸಾರಿದರು. ಆ ಶಾಲೆಯನ್ನು ಬಿಟ್ಟ ಸ್ವಲ್ಪಕಾಲದ ಮೇಲೆ, ಗ್ರಿಗೊರಿ ಬೆಲಿಖ್, ಲಿಯೊನಿದ್ ಪಂತೆಲೇಯೆವ್ ಎಂಬ ಇಬ್ಬರು ಹಳೆಯ ವಿದ್ಯಾರ್ಥಿಗಳು ಕೂಡಿ ಬರೆದ 'ಷ್ಕಿಡ್ ಗಣರಾಜ್ಯ'ವು ೧೯೨೭ರಲ್ಲಿ ಅಚ್ಚಾಯಿತು. ಆಗ ಅವರಿಬ್ಬರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ಬೀದಿಮಕ್ಕಳನ್ನು ಕುರಿತು ದೊಡ್ಡವರು ಬರೆದ ಗ್ರಂಥಗಳ ರಾಶಿಯಲ್ಲಿ, ಬೀದಿಮಕ್ಕಳೇ ಬರೆದುದು ಎಂಬ ಕಾರಣದಿಂದ ಇದರ ಸ್ಥಾನವು ವಿಶಿಷ್ಟವಾದುದು. ಗೋರ್ಕಿಯು ಅದನ್ನು ಮನಸಾರೆ ಮೆಚ್ಚಿದನು. ಮಕರೆಂಕೊ ಅದನ್ನು ಶಿಕ್ಷಣದ ಸೋಲಿನ ಕಥೆಯೆಂದು ಭಾವಿಸಿದನು. ಈ ಎರಡನೆಯ ತೀರ್ಪು ನ್ಯಾಯವಾದುದೆಂದು ಹೇಳಲಾಗದು. ತನ್ನ ಶಾಲೆಯನ್ನು ನೋಡಿ ನಗುವುದನ್ನೂ, ಆ ನಗುವನ್ನು ಬರೆದಿಡುವುದನ್ನೂ ಕಲಿತ ಹುಡುಗನನ್ನು ಸೋತ ಶಾಲೆಯ ಫಲವೆಂದು ಕರೆಯುವುದು ಕಷ್ಟ.

೧೯೩೧ರಲ್ಲಿ ನಿಕೊಲಾಯ್ ಎಕ್ಕನ 'ಬಾಳಿನ ರಹದಾರಿ' ಎಂಬ ವಾಕ್ಚಿತ್ರವು ಬೀದಿಮಕ್ಕಳ ಉದ್ಧಾರದ ಕಥೆಯನ್ನು ಪ್ರಪಂಚಕ್ಕೆಲ್ಲ ತೋರಿಸಿತು. ಅದು ಹೊರದೇಶಗಳಲ್ಲಿ ಪ್ರದರ್ಶಿತವಾಗುತ್ತಿದ್ದಂತೆಯೇ ಬೇಸಾಯದ ಬಲಾತ್ಕಾರವಾದ ಸಾಮೂಹೀಕರಣದಿಂದಲೂ, ೧೯೩೨-೩೩ರ ಮಹಾಕ್ಷಾಮದಿಂದಲೂ ಮತ್ತೆ ಅಸಂಖ್ಯಾತ ಮಕ್ಕಳು ನಿಲ್ದಾಣಗಳಿಗೆ ಬಂದು ಬಿದ್ದರು. ಮೊದಲನೆಯ ಕ್ಷಾಮವನ್ನು ಸರ್ಕಾರವು ಒಪ್ಪಿಕೊಂಡಿದ್ದಿತು; ಹೊರಗಿನ ಸಹಾಯವನ್ನೂ ಬೇಡಿದ್ದಿತು. ಎರಡನೆಯದನ್ನು ಇಲ್ಲವೆಂದಿತು. ಕ್ಷಾಮವಿಲ್ಲದ ಮೇಲೆ ಕ್ಷಾಮದ ಮಕ್ಕಳು ಇರುವುದೆಂತು? ಹಾಗೆ ಇದ್ದರೆ ಅವರು ಪುಂಡರೇ ಆಗಿರಬೇಕು. ತರ್ಕವು ಈ ಜಾಡಿನಲ್ಲಿಯೇ ಮುಂದುವರಿಯಿತು. ೧೯೩೫ರ ಮಾರ್ಚ್ ತಿಂಗಳಲ್ಲಿ ಯುದ್ಧಮಂತ್ರಿ ವೊರೊಷಿಲೊವ್, ಮಾಸ್ಕೋದಲ್ಲಿ ಬಾಲಕನೊಬ್ಬನು ನಡೆಸಿದ ಇರಿತವನ್ನು ಎತ್ತಿ ಹೇಳಿ ಉಗ್ರಕ್ರಮವನ್ನು ಬಯಸಿ ಪತ್ರ ಬರೆದನು. ಏಪ್ರಿಲ್ ೭ರಂದು ಹೊರಟ ಶಾಸನವು, ಕಳ್ಳತನ, ಹಲ್ಲೆ, ಕೊಲೆ ಮೊದಲಾದ ಅಪರಾಧಗಳಲ್ಲಿ ಹನ್ನೆರಡು ವರ್ಷ ತುಂಬಿದವರನ್ನು ನ್ಯಾಯಾಲಯಕ್ಕೆ ಒಪ್ಪಿಸಿ ಎಲ್ಲ ವಿಧವಾದ ದಂಡನೆಗೂ ಗುರಿಪಡಿಸಬಹುದೆಂದು ವಿಧಿಸಿತು. ಎಲ್ಲ ವಿಧವೆಂದರೆ ಮರಣದಂಡನೆಯೂ ಸೇರಿತೆಂದು ಅದೇ ತಿಂಗಳ ೨೦ರಂದು ನ್ಯಾಯಾಧಿಕಾರಿಗಳಿಗೆ ಹೋದ ರಹಸ್ಯ ಸುತ್ತೋಲೆಯು ತಿಳಿಸಿತು. ಮೇ ೩೧ರ ನಿರ್ಣಯವು, ಜನರ ಸ್ಥಿತಿಗತಿಗಳು ಉತ್ತಮವಾಗಿರುವುದರಿಂದ ಬೀದಿಮಕ್ಕಳು ಇನ್ನೂ ಕಾಣಿಸುತ್ತಿರುವುದಕ್ಕೆ ಸ್ಥಳೀಯರ ಕೆಲಸಗೇಡಿತನವೇ ಕಾರಣವೆಂದು ಹೇಳಿತು. ೧೯೧೮ರ ಸಮಿತಿಗಳು, ವೈದ್ಯನಿರಲೇಬೇಕೆಂದಿದ್ದ ಆ ಸಮಿತಿಗಳು, ರದ್ದಾದುವು. ಮಕ್ಕಳ ಸ್ವೀಕಾರಗೃಹಗಳೂ ಶ್ರಮವಸತಿಗಳೂ ಗುಪ್ತ ಪೊಲೀಸ್ ದಳವನ್ನೊಳಗೊಂಡ ಗೃಹ ಇಲಾಖೆಯ ವಶವಾದುವು. ತಂದೆಯಾಗಿ ನಿಂತಿದ್ದ ಪ್ರಭುತ್ವವು ಈಗ ದಂಡಧರನಾಯಿತು.

'ಬಾಳಿನ ರಹದಾರಿ'ಯಲ್ಲಿ ಮುಸ್ತಾಫಾ ಎಂಬ ಹುಡುಗನ ಪಾತ್ರವನ್ನು ವಹಿಸಿ ಲೋಕಪ್ರಿಯನಾಗಿದ್ದ ಮಾರಿ ಜನಾಂಗದ ಕವಿ ಇವಾನ್ ಕಿರ್ಲಾ ೧೯೩೭ರಲ್ಲಿ ಬಂಧಿತನಾಗಿ ೧೯೪೩ರಲ್ಲಿ ಶಿಬಿರದಲ್ಲಿ ಸತ್ತನು. ಗ್ರಿಗೊರಿ ಬೆಲಿಖನನ್ನು ರಾಜ್ಯದ್ರೋಹದ ಆರೋಪದ ಮೇಲೆ ಹಿಡಿದರು. ಅವನು ೧೯೩೮ರಲ್ಲಿ ಸೆರೆಮನೆಯ ಆಸ್ಪತ್ರೆಯಲ್ಲಿ ಕ್ಷಯರೋಗದಿಂದ ತೀರಿಕೊಂಡನು. 'ಷ್ಕಿಡ್ ಗಣರಾಜ್ಯ'ವು ಪುಸ್ತಕಾಲಯಗಳಿಂದ ಕಣ್ಮರೆಯಾಯಿತು. ಜೊತೆಯವನ ಹೆಸರನ್ನು ಬಿಟ್ಟು ತನ್ನೊಬ್ಬನ ಹೆಸರಿನಲ್ಲಿ ಅದನ್ನು ಮರುಮುದ್ರಣ ಮಾಡಿಸಬಹುದೆಂದು ಪಂತೆಲೇಯೆವ್‌ನಿಗೆ ಹೇಳಿದವರಿದ್ದರು. ಅವನು ಒಪ್ಪಲಿಲ್ಲ. ಸ್ಟಾಲಿನ್ನನ ಕಾಲ ಕಳೆದ ಮೇಲೆ ಆ ಪುಸ್ತಕವು ಇಬ್ಬರ ಹೆಸರಿನಲ್ಲಿಯೇ ಪುನಃ ಅಚ್ಚಾಯಿತು.